ಕೊಂಬೆ ಅಡ್ಡ ಬಂದ ಚಿತ್ರ

ಹೋದ ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ಯುವಕನೊಬ್ಬ ನನಗೊಂದು ಚಿತ್ರ ತೋರಿಸಿದ. ವನ್ಯಜೀವಿ ಪತ್ರಿಕೆಯೊಂದಕ್ಕೆಂದು ಬೇಸಿಗೆಯಲ್ಲಿ ರಂಗನತಿಟ್ಟಿಗೆ ಮೂರು ದಿನ ಅಲೆದು ತೆಗೆದದ್ದು. ನಡುಮಧ್ಯಾಹ್ನ. ಬಣ್ಣದ ಕೊಕ್ಕರೆಯೊಂದು ಗೂಡಿನ ಮೇಲೆ ರೆಕ್ಕೆ ಬಿಚ್ಚಿ ನಿಂತು ಮರಿಗಳಿಗೆ ನೆರಳು ಕೊಡುತ್ತಿದೆ. ಆದರೆ ಕೊಂಬೆಯೊಂದು ಅಡ್ಡ ಬಂದು ಮರಿಗಳೇ ಸರಿಯಾಗಿ ಕಾಣುವುದಿಲ್ಲ. ಪತ್ರಿಕೆಯವರು ಬೇಡವೆಂದರಂತೆ.

"ಇನ್ನು ಹತ್ತು ಮಾರು ಹತ್ತಿರ ಹೋಗಿದ್ದರೆ ಸಾಕಿತ್ತು ಫಾದರ್. ದೋಣಿಯವರು ಒಪ್ಪಲಿಲ್ಲ. 'ಬೇಡ ಸಾರ್, ತಾಯಿ ಎದ್ದು ಹೋದ್ರೆ ಮರಿ ಬಿಸಿಲಲ್ಲಿ ಬೇಯ್ತವೆ' ಅಂದುಬಿಟ್ಟರು." ಆಮೇಲೆ ಕೇಳಿದ: "ಒಳ್ಳೆಯ ಚಿತ್ರ ನೋಡಿ ಸಾವಿರ ಜನಕ್ಕೆ ಹಕ್ಕಿಗಳ ಮೇಲೆ ಪ್ರೀತಿ ಹುಟ್ಟುವುದಾದರೆ, ಒಂದು ಗೂಡಿಗೆ ಅರ್ಧ ಗಂಟೆ ತೊಂದರೆ ಕೊಡುವುದು ತಪ್ಪೇ?"

ಪ್ರಿಯ ಓದುಗರೇ, ಈ ಪ್ರಶ್ನೆಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ರಂಗನತಿಟ್ಟು ಉಳಿದದ್ದೇ ನೋಡಿದವರಿಂದ. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದ ಸಲೀಂ ಅಲಿಯವರು ಕಾವೇರಿಯ ನಡುವಿನ ಆ ತಿಟ್ಟುಗಳನ್ನು ಕಂಡು ಸಂಸ್ಥಾನಕ್ಕೆ ಹೇಳಿದ್ದರಿಂದ 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಯಾರ ಕಣ್ಣಿಗೂ ಬೀಳದಿದ್ದರೆ ಒಂದು ಚದರ ಕಿಲೋಮೀಟರ್ ಕೂಡ ಇಲ್ಲದ ಜಾಗಕ್ಕೆ ಇಷ್ಟು ಕಾವಲು ಸಿಗುತ್ತಿತ್ತೇ?

ಆದರೂ ಲೆಕ್ಕ ಹಾಕುವಾಗ ಲಾಭ ಯಾರದು, ನಷ್ಟ ಯಾರದು ಎಂದು ಬೇರೆ ಬೇರೆ ಬರೆಯಬೇಕು. ಚಿತ್ರದ ಕೆಳಗೆ ಅಚ್ಚಾಗುವ ಹೆಸರು ಅವನದು. ಬಿಸಿಲು ಮರಿಯ ಪಾಲಿನದು. ಸಾವಿರ ಜನರ ಪ್ರೀತಿ ಹುಟ್ಟೀತು, ಹುಟ್ಟದೆಯೂ ಇದ್ದೀತು. ಮರಿಯ ನೆರಳು ಹೋಗುವುದಂತೂ ಆ ಕ್ಷಣವೇ. ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದನೆಂಬ ಗಾದೆ ನೆನಪಾಗುತ್ತದೆ. ಅತ್ತೆಯಾದರೂ ಬಾಯಿಬಿಟ್ಟು ಬೈಯಬಲ್ಲಳು!

ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ ಹಕ್ಕಿಯ ಗೂಡಿನ ಬಗ್ಗೆಯೇ ಒಂದು ನಿಯಮವಿದೆ. ದಾರಿಯಲ್ಲಿ ಗೂಡು ಸಿಕ್ಕರೆ ಮರಿಗಳನ್ನು ತೆಗೆದುಕೊಳ್ಳಬಹುದು, ತಾಯಿಯನ್ನು ಬಿಟ್ಟುಬಿಡಬೇಕು. ನಮಗೆ ಇದು ನಿಷ್ಠುರವಾಗಿಯೇ ಕಾಣುತ್ತದೆ, ನಿಜ. ಆದರೆ ಗೂಡಿನ ಮುಂದೆ ನಿಂತ ಹಸಿದ ಮನುಷ್ಯನಿಗೂ ಅಲ್ಲಿ ಒಂದು ಗೆರೆ ಎಳೆದಿದೆ. ಹೊಟ್ಟೆಗಲ್ಲದೆ ಪುಟಕ್ಕಾಗಿ ಹೋದವನಿಗೆ ಆ ಗೆರೆ ಇನ್ನೂ ಹಿಂದಕ್ಕೆ ಇರಬೇಡವೇ?

ತಪ್ಪು ಕ್ಯಾಮೆರಾ ಹಿಡಿದವನದು ಮಾತ್ರ ಎನ್ನಲಾರೆ. ಕೊಂಬೆಯಿಲ್ಲದ ಚಿತ್ರ ಅಚ್ಚಾಗಿದ್ದರೆ ನಾನೂ ಅದನ್ನು ಕತ್ತರಿಸಿ ಕೋಣೆಯ ಗೋಡೆಗೆ ಅಂಟಿಸುತ್ತಿದ್ದೆ. ಅದಕ್ಕಾಗಿ ಯಾವ ತಾಯಿ ಎದ್ದು ಹೋಯಿತೆಂದು ಕೇಳುತ್ತಿರಲಿಲ್ಲ.

ಇದನ್ನೆಲ್ಲ ಅವನು ಒಪ್ಪಿದನೆಂದು ಹೇಳಲಾರೆ. ಕೊಕ್ಕರೆಗಳು ಮತ್ತೆ ಗೂಡು ಕಟ್ಟುವಾಗ ಹೋಗುತ್ತಾನಂತೆ. ಅದೇ ದೋಣಿಯವರು ಸಿಕ್ಕಿದರೆ ಒಳ್ಳೆಯದು ಎಂದ.