ಉಪೇಕ್ಖಾ ಎಂದರೆ ದೂರ ನಿಂತು ನೋಡುವುದಲ್ಲ



ಧಮ್ಮಬಂಧುಗಳೇ, ಇಂದಿನ ಚಿಂತನೆಗೆ ಒಂದು ಹಡಗಿನ ಕಥೆ.

ಹಡಗಿನ ಹೆಸರು ಮೆಂಡಿ. ಮೊದಲ ಮಹಾಯುದ್ಧದ ಕಾಲ. 1917ರ ಜನವರಿಯಲ್ಲಿ ಅದು ದಕ್ಷಿಣ ಆಫ್ರಿಕಾದ 800ಕ್ಕೂ ಹೆಚ್ಚು ಕಪ್ಪು ಜನರನ್ನು ಹೊತ್ತು ಕೇಪ್‌ಟೌನಿನಿಂದ ಫ್ರಾನ್ಸಿಗೆ ಹೊರಟಿತು. ಅವರೆಲ್ಲ ಸೈನ್ಯಕ್ಕೆ ಸೇರಿದವರೇ. ಆದರೆ ಕಪ್ಪು ಜನರ ಕೈಗೆ ಬಂದೂಕು ಕೊಡಬಾರದು ಎಂಬುದು ಅಲ್ಲಿನ ಸರ್ಕಾರದ ಹಟ. ಗುದ್ದಲಿ ಹಿಡಿಯುವುದು, ಬಂದರಿನಲ್ಲಿ ಮೂಟೆ ಇಳಿಸುವುದಷ್ಟೇ ಅವರ ಪಾಲು. ಎಷ್ಟೋ ಹುಡುಗರು ಅದಕ್ಕೆ ಮುಂಚೆ ಸಮುದ್ರವನ್ನೇ ಕಂಡಿರಲಿಲ್ಲ. ಒಂದು ತಿಂಗಳಿಗೂ ಮಿಕ್ಕಿದ ಪಯಣ. ಸರಕು ತುಂಬುವ ತಳಕೋಣೆಗಳಲ್ಲೇ ಅವರಿಗೆ ಮಲಗುವ ಜಾಗ.

ಫೆಬ್ರವರಿ 21ರ ನಸುಕಿನಲ್ಲಿ, ಇಂಗ್ಲಿಷ್ ಕಡಲ್ಗಾಲುವೆಯ ದಟ್ಟ ಮಂಜಿನೊಳಗೆ, ಡಾರೊ ಎಂಬ ದೊಡ್ಡ ಹಡಗು ವೇಗ ತಗ್ಗಿಸದೆ ಬಂದು ಮೆಂಡಿಯ ಪಕ್ಕೆಗೆ ಗುದ್ದಿತು. ಅರ್ಧ ಗಂಟೆಯೊಳಗೆ ಮೆಂಡಿ ಮುಳುಗಿತು. 600ಕ್ಕೂ ಹೆಚ್ಚು ಜನ ಸತ್ತರು.

ಡಾರೊ ಮುಳುಗಲಿಲ್ಲ. ಅದರಲ್ಲಿ ದೋಣಿಗಳಿದ್ದವು. ನೀರಿನಲ್ಲಿದ್ದವರ ಕೂಗು ಕೇಳಿಸುತ್ತಿತ್ತು. ಆದರೂ ಅದರ ಕ್ಯಾಪ್ಟನ್ ನೆರವಿಗೆ ದೋಣಿ ಇಳಿಸಲಿಲ್ಲ. ವಿಚಾರಣೆ ನಡೆಯಿತು, ಒಂದು ವರ್ಷ ಅವನ ಪರವಾನಗಿ ಅಮಾನತಾಯಿತು, ಅಷ್ಟೇ. ಆ ಕಪ್ಪು ಸೈನಿಕರಿಗೆ ಅವರ ಸರ್ಕಾರ ಯುದ್ಧದ ಪದಕವನ್ನೂ ಕೊಡಲಿಲ್ಲ.

ಮುಳುಗುವ ಹಡಗಿನ ಮೇಲೆ ಐಸಾಕ್ ಡ್ಯೋಭಾ ಎಂಬ ಪಾದ್ರಿ ಹುಡುಗರನ್ನೆಲ್ಲ ಒಟ್ಟು ಸೇರಿಸಿ, ಬೇರೆ ಬೇರೆ ಬುಡಕಟ್ಟಿನವರಾದರೂ ನಾವು ಅಣ್ಣತಮ್ಮಂದಿರು ಎಂದು ಧೈರ್ಯ ತುಂಬಿದರೆಂದು ಅವರ ಜನ ಇಂದಿಗೂ ಹೇಳಿಕೊಳ್ಳುತ್ತಾರೆ.

ಅದೇ 1917ರಲ್ಲಿ ಬಾಬಾಸಾಹೇಬರೂ ಯುದ್ಧದ ನಡುವೆಯೇ ಕಡಲು ದಾಟಿ ಲಂಡನ್ನಿನಿಂದ ಮುಂಬೈಗೆ ಮರಳಿದರು. ಬೇರೆ ಹಡಗಿನಲ್ಲಿ ಕಳಿಸಿದ್ದ ಅವರ ಪುಸ್ತಕಗಳು ದಾಳಿಗೆ ಸಿಕ್ಕು ನೀರುಪಾಲಾದವು. ಮುಂದೆ ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಪಾರಮಿತೆಗಳನ್ನು ವಿವರಿಸುವಾಗ ಅವರು ಉಪೇಕ್ಖಾವನ್ನು ಉದಾಸೀನದಿಂದ ಬೇರ್ಪಡಿಸಿದರು. ಫಲ ಏನೇ ಆಗಲಿ, ಮನಸ್ಸು ಕದಡದೆ ಕೆಲಸದಲ್ಲಿ ತೊಡಗಿಯೇ ಇರುವುದು ಉಪೇಕ್ಖಾ. ಕೂಗು ಕೇಳಿಯೂ ಕೈಕಟ್ಟಿ ನಿಲ್ಲುವುದು ಉದಾಸೀನ. ಹೊರಗಿನಿಂದ ನೋಡಿದರೆ ಎರಡೂ ಶಾಂತವಾಗಿಯೇ ಕಾಣುತ್ತವೆ. ಒಂದು ದೋಣಿ ಇಳಿಸುತ್ತದೆ, ಇನ್ನೊಂದು ಇಳಿಸುವುದಿಲ್ಲ.

ಬಂಧುಗಳೇ, ಡಾರೊ ಬೇರೆಯವರ ಹಡಗು ಎಂದುಕೊಂಡು ನಾವು ಸುಮ್ಮನಾಗುವಂತಿಲ್ಲ. ಪಕ್ಕದ ಬೀದಿಯ ಪೌರಕಾರ್ಮಿಕನನ್ನು ಮ್ಯಾನ್‌ಹೋಲಿಗೆ ಇಳಿಸುವಾಗ, ಇನ್ನೊಂದು ಕೇರಿಯವರಿಗೆ ಏಟು ಬಿದ್ದಾಗ, ‘ಅವರು ಎಡಗೈ, ನಾವು ಬಲಗೈ, ನಮಗೇಕೆ’ ಎಂದು ಬಾಗಿಲು ಹಾಕಿಕೊಂಡರೆ ನಾವೂ ಆ ಮಂಜಿನಲ್ಲಿ ಸುಮ್ಮನೆ ನಿಂತ ಹಡಗೇ. ತಿಸರಣ ಹೇಳಿದ ಬಾಯಿ ಅಲ್ಲಿ ಮುಚ್ಚಿಕೊಂಡರೆ ಧಮ್ಮ ನಮ್ಮ ಮನೆಯ ಗೋಡೆಯ ಫೋಟೋದಲ್ಲಿ ಮಾತ್ರ ಉಳಿಯುತ್ತದೆ.

ಇಂದಿನ ಅಭ್ಯಾಸ: ಮೈತ್ರಿ ಧ್ಯಾನ ಮುಗಿಸಿ ಎದ್ದ ಮೇಲೆ, ನಮ್ಮ ಪೈಕಿಯಲ್ಲದ ಒಬ್ಬರ ಕಷ್ಟವನ್ನು ಹೋಗಿ ವಿಚಾರಿಸೋಣ. ಪರಿಹಾರ ನಮ್ಮ ಕೈಯಲ್ಲಿ ಇರಲಿಕ್ಕಿಲ್ಲ. ಹೋಗುವುದು ನಮ್ಮ ಕೈಯಲ್ಲಿದೆ.

ಭವತು ಸಬ್ಬ ಮಂಗಲಂ. ಜೈಭೀಮ್.