ಹೊರಗೆ ಹಾಕಿದವರು ಯಾರು?

"ಆಯಿ ಬಿದ್ದಾಳಂತ" ಎಂಬ ಸುದ್ದಿ ನಮ್ಮ ಕೇರಿಗೆ ಬಂದರೆ ಹೇಗೆ ಬಿದ್ದಳೆಂದು ಯಾರೂ ಕೇಳುವುದಿಲ್ಲ. ವಯಸ್ಸಾಗಿತ್ತು, ಬಿದ್ಲು ಅಂತಾರೆ. ಹಣೆಬರಹ ಅಂತಾರೆ. ಮುಪ್ಪಿನಲ್ಲಿ ಕಣ್ಣು ಮಂಜಾಗುವುದು, ಎಲುಬು ಟೊಳ್ಳಾಗುವುದು ಎಲ್ಲ ಜಾತಿಗೂ ಒಂದೇ, ನಿಜ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ, ಅವರಲ್ಲಿ ಅರವತ್ತು ದಾಟಿದವರೇ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಆದರೆ ನಮ್ಮ ಆಯಿ ಬಿದ್ದದ್ದು ರಾತ್ರಿ ತಂಬಿಗೆ ಹಿಡಿದು ಬಯಲಕಡೆಗೆ ಹೊರಟಾಗ, ದೀಪವಿಲ್ಲದ ಓಣಿಯ ತೆರೆದ ಗಟಾರದಲ್ಲಿ. ಇದನ್ನು ಬರೆದ ಬ್ರಹ್ಮ ಯಾರು?

ಇಳಕಲ್ಲಿನ ಕೆಂಪು ಗ್ರಾನೈಟು ಹಡಗು ಹತ್ತಿ ಹೊರದೇಶಕ್ಕೆ ಹೋಯಿತು. ಕಲ್ಲು ಒಡೆದ ಕೈಗೆ ಮುಪ್ಪಿನಲ್ಲಿ ಹಿಡಿದು ನಡೆಯಲು ಒಂದು ಕಂಬಿ ಇಲ್ಲ.

ತೊಡೆಯ ಎಲುಬು ಮುರಿದವಳನ್ನು ಎತ್ತಬೇಕು, ಹೊರಳಿಸಬೇಕು, ತೊಳೆಯಬೇಕು. ಬಾದಾಮಿ, ಹುನಗುಂದದ ಕೇರಿಗಳ ಎಷ್ಟೋ ಮಕ್ಕಳಂತೆ ಅವಳ ಮಗನೂ ಗೋವಾದಾಗ ಗಾರೆ ಕೆಲಸಕ್ಕ ಹೋಗ್ಯಾನ. ಸೊಸೆ ಕೂಲಿ ಬಿಟ್ಟು ಕುಂತರ ಒಲಿ ಹತ್ತಂಗಿಲ್ಲ. ಬಾಗಲಕೋಟೆಯಲ್ಲೋ ಎಲ್ಲೋ ವೃದ್ಧಾಶ್ರಮ ಹುಡುಕೋಣವೆಂದರೆ ಊರ ಹಿರಿಯರು ಎದ್ದು ನಿಲ್ಲುತ್ತಾರೆ: "ಹೆತ್ತಾಕಿನ್ನ ಹೊರಗ ಹಾಕ್ತೀರೇನ್ಲೇ?"

ನಾವು ಅವರನ್ನೇ ಕೇಳುತ್ತೇವೆ. ಅವಳು ನಿಮ್ಮ ಹೊಲದಲ್ಲಿ ಬಗ್ಗಿ ಬಗ್ಗಿ ಟೊಂಕ ಕಳಕೊಂಡಾಗ ಈ ತಾಯಿಪ್ರೀತಿ ಎಲ್ಲಿತ್ತು? ಅರವತ್ತು ವರ್ಷ ನಿಮ್ಮ ಹೊಸ್ತಿಲ ಹೊರಗೆ ಅವಳನ್ನು ನಿಲ್ಲಿಸಿದವರು ಯಾರು?

ಕಾಯ್ದೆಯೂ ಹಿರಿಯರಂತೆಯೇ ಮಾತಾಡುತ್ತದೆ. 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 24ನೇ ಕಲಮಿನಂತೆ, ನೋಡಿಕೊಳ್ಳಬೇಕಾದವನು ಮುದುಕಿಯನ್ನು ಪೂರ್ತಿ ಕೈಬಿಟ್ಟರೆ ಮೂರು ತಿಂಗಳವರೆಗೆ ಜೈಲು, ಇಲ್ಲವೆ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 19ನೇ ಕಲಮು ಸರ್ಕಾರದ ಪಾಲಿನದು: ಜಿಲ್ಲೆಗೆ ಕನಿಷ್ಠ ಒಂದರಂತೆ, 150 ನಿರ್ಗತಿಕ ಹಿರಿಯರಿಗಾಗುವಷ್ಟು ವೃದ್ಧಾಶ್ರಮ ಸ್ಥಾಪಿಸ'ಬಹುದು'. ಮಗನಿಗೆ ಜೈಲು, ಸರ್ಕಾರಕ್ಕೆ 'ಬಹುದು'!

ಆಶ್ರಮಕ್ಕೆ ಕಳಿಸುವುದು ಪಾಪವೆಂದು ನಾವು ಒಪ್ಪುವುದಿಲ್ಲ. ಕಳಿಸಿ ಮರೆಯುವುದನ್ನೂ ಒಪ್ಪುವುದಿಲ್ಲ. ಅಲ್ಲಿಯೂ ಅವಳ ಜಾತಿ ಕೇಳಿ ತಟ್ಟೆ ಬೇರೆ ಇಟ್ಟರೆ ಅದು ಇನ್ನೊಂದು ಊರು ಅಷ್ಟೇ. ಅಲ್ಲಿ ಮಲ ಬಳಿಯುವ ಕೈ ನಮ್ಮ ಕೇರಿಯದೇ ಆಗಿ, ಸಂಬಳ ಮಾತ್ರ ಅರೆಹೊಟ್ಟೆಯದಾದರೆ ಅದು ಹಳೆಯ ಬಿಟ್ಟಿಚಾಕರಿಯೇ.

ಗೆಳೆಯರೇ, ಆಯಿ ಇನ್ನೂ ಹಾಸಿಗೆಯಲ್ಲಿದ್ದಾಳೆ. ಓಣಿಗೆ ದೀಪ, ಮನೆ ಬಾಗಿಲಲ್ಲೇ ಪಾಯಿಖಾನೆ, ಸೊಸೆ ಬಿಟ್ಟ ಕೂಲಿಗೆ ಸರ್ಕಾರದ ದುಡ್ಡು, ಜಿಲ್ಲೆಯಲ್ಲಿ ಜಾತಿ ಕೇಳದ ಒಂದು ಆಸರೆ. ಮುಂದಿನ ಗ್ರಾಮಸಭೆಯಲ್ಲಿ ಇವನ್ನು ಕೇಳೋಣ, ಭಿಕ್ಷೆಯಂತೆ ಅಲ್ಲ, ಅವಳು ದುಡಿದ ದುಡಿಮೆಯ ಬಾಕಿಯಂತೆ.