ಗೆದ್ದ ಮೇಲೂ ಹೊಡೀಬೇಕಾ?

ನಿಮಗೊಂದು ಪ್ರಶ್ನೆ: ಗೆಲುವು ಖಾತ್ರಿಯಾದ ಮೇಲೂ ಎದುರಾಳಿಯನ್ನು ಬಡಿಯುತ್ತಲೇ ಇರೋದು ಸರಿಯಾ?

2015ರ ಮಾರ್ಚ್, ವಾಂಖೆಡೆಯಲ್ಲಿ ರಣಜಿ ಫೈನಲ್. ಹಿಂದಿನ ವರ್ಷ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ಗೆದ್ದಿದ್ದ ನಮ್ಮ ಕರ್ನಾಟಕ. ತಮಿಳುನಾಡು 134ಕ್ಕೆ ಆಲೌಟ್. ನಮ್ಮೋರೂ 84ಕ್ಕೆ 5 ವಿಕೆಟ್ ಕಳ್ಕೊಂಡ್ರು. ಆಮೇಲೆ ಕರುಣ್ ನಾಯರ್ 328, ರಾಹುಲ್ 188, ಒಟ್ಟು 762! ಡ್ರಾ ಆದರೂ ಮೊದಲ ಇನಿಂಗ್ಸ್ ಮುನ್ನಡೆಯೇ ಸಾಕಿತ್ತು. ಆದರೂ ಆಡುತ್ತಲೇ ಹೋದರು.

ಇಲ್ಲಿ ಅಭಾದ ರೂಮಲ್ಲಿ, ಫೋನಲ್ಲಿ ಸ್ಕೋರ್ ನೋಡ್ತಿದ್ದ ಮದುರೈ ಗೆಳೆಯ "ಸಾಕು, ನಿಲ್ಲಿಸ್ರಪ್ಪಾ" ಅಂದ. ನಾನು ನಕ್ಕೆ. ಆ ನಗು ತಪ್ಪು, ಆಟ ತಪ್ಪಲ್ಲ. ಪಾಪ ಅಂತ ಬ್ಯಾಟ್ ಕೆಳಗಿಟ್ಟಿದ್ರೆ, ನೀವು ಆಟಗಾರರೇ ಅಲ್ಲ ಅಂದ ಹಾಗಾಗ್ತಿತ್ತು. ಅವರು ಎರಡನೇ ಸಲ 411 ಹೊಡೆದರು, ಸೋತರು. ಆ ರಾತ್ರಿ ಚಹಾ ಮಾಡಿದ್ದು ಅವನೇ.